ಕರುವಿನ ಮೈಕಟ್ಟು: ತಾಯಿಯ ಪಾಲೆಷ್ಟು, ತಂದೆಯ ಪಾಲೆಷ್ಟು?

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆ ಹೆಣ್ಣು ನೋಡುವ ಮನೆಯಲ್ಲಷ್ಟೇ ಅಲ್ಲ, ಹಸು ಕೊಳ್ಳುವ ಕೊಟ್ಟಿಗೆಯಲ್ಲೂ ಕೇಳಿಬರುತ್ತದೆ. ತಾಯಿ ಹತ್ತು ಲೀಟರ್ ಕೊಡುತ್ತಿದ್ದರೆ ಮಗಳೂ ಕೊಡುತ್ತಾಳೆ, ತಾಯಿಯ ಕೆಚ್ಚಲು ಚೆನ್ನಾಗಿದ್ದರೆ ಮಗಳದ್ದೂ ಚೆನ್ನಾಗಿರುತ್ತದೆ ಎಂಬ ನಂಬಿಕೆ ನಮ್ಮದು. ಈ ನಂಬಿಕೆಯ ಮೇಲೆ ಸಾಲ ಮಾಡಿ ಹಸು ಕಟ್ಟುವ ಮನೆಗಳು ಎಷ್ಟೋ ಇವೆ. ಕರು ಬೆಳೆದು ಮೊದಲ ಸೂಲಿಗೆ ಬಂದಾಗ ಮಾತ್ರ ಲೆಕ್ಕ ತಪ್ಪಿರುತ್ತದೆ. ತಾಯಿಯ ಕೆಚ್ಚಲು ಹೊಟ್ಟೆಗೆ ಅಂಟಿಕೊಂಡಂತಿದ್ದರೆ ಮಗಳದ್ದು ಮೊಣಕಾಲಿನವರೆಗೆ ಜೋತು ಬಿದ್ದಿರುತ್ತದೆ. ತಾಯಿಯ ನಡಿಗೆ ನೇರವಾಗಿದ್ದರೆ ಮಗಳ ಹಿಂಗಾಲುಗಳು ಒಂದಕ್ಕೊಂದು ತಾಗುತ್ತವೆ. ಆಗ ಹಸುವನ್ನು ಬೈಯುತ್ತೇವೆ, ಹಣೆಬರಹವನ್ನು ಹಳಿಯುತ್ತೇವೆ. ಗಾದೆ ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ. ಉಳಿದರ್ಧವನ್ನು ತಿಳಿದುಕೊಳ್ಳುವುದು ಹಸು ಸಾಕುವ ಪ್ರತಿಯೊಬ್ಬ ಗೃಹಿಣಿಗೂ ಅಗತ್ಯ.

ಹಾಲಿನ ದಾರಿಯಲ್ಲಿ

ಮದ್ದೂರು ಮತ್ತು ಮಂಡ್ಯದ ನಡುವೆ, ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಇರುವ ಊರು ಹನಕೆರೆ. ಹತ್ತಿರದಲ್ಲೇ ಗೆಜ್ಜಲಗೆರೆ. ಮಂಡ್ಯ ಜಿಲ್ಲೆಯ ಹಳ್ಳಿಗಳ ಹಾಲೆಲ್ಲ ಹರಿದು ಬಂದು ಸೇರುವುದು ಅಲ್ಲಿರುವ ಹಾಲು ಒಕ್ಕೂಟದ ಡೇರಿಗೆ. 2022ರ ಡಿಸೆಂಬರ್ 30ರಂದು ಅಲ್ಲಿ ದಿನಕ್ಕೆ 10 ಲಕ್ಷ ಲೀಟರ್ ಹಾಲು ಸಂಸ್ಕರಿಸಬಲ್ಲ ಮೆಗಾ ಡೇರಿ ಉದ್ಘಾಟನೆಯಾಯಿತು. ವಿಶ್ವೇಶ್ವರಯ್ಯ ನಾಲೆಯ ನೀರು, ಗದ್ದೆಯ ಹುಲ್ಲು, ಕಬ್ಬಿನ ಗರಿ, ಬೆಳಗ್ಗೆ ಸಂಜೆ ಹಾಲು ಅಳೆಯುವ ಸಂಘ, ಇವೆಲ್ಲ ಕೈಗೆ ಸಿಗುವಂತಿರುವುದರಿಂದ ಜಮೀನಿಲ್ಲದ ಮನೆಯವರೂ ಇಲ್ಲಿ ಒಂದೋ ಎರಡೋ ಸೀಮೆಹಸು ಕಟ್ಟುತ್ತಾರೆ.

ಗಂಡಸರು ಕೂಲಿಗೋ ವ್ಯಾಪಾರಕ್ಕೋ ಹೊರಟರೆ ಹಸುವಿನ ಕೆಲಸವೆಲ್ಲ ಹೆಂಗಸರ ಪಾಲು. ಸಗಣಿ ಬಾಚುವುದು, ಹುಲ್ಲು ಹಾಕುವುದು, ಹಾಲು ಕರೆಯುವುದು, ಡೇರಿಗೆ ಒಯ್ಯುವುದು, ಎಲ್ಲವೂ ಅವರದ್ದೇ. ಕೆಚ್ಚಲಿನ ಕಟ್ಟು ಸರಿಯಿಲ್ಲದಿದ್ದರೆ ಅದರ ಕಷ್ಟ ಮೊದಲು ತಟ್ಟುವುದು ಕರೆಯುವ ಕೈಗೆ. ಜೋತ ಕೆಚ್ಚಲು ಮಲಗಿದಾಗ ಸಗಣಿಗೆ ತಾಗುತ್ತದೆ, ನಡೆಯುವಾಗ ಕಾಲಿಗೆ ಒರೆಸುತ್ತದೆ, ಬೇಗನೆ ಕೆಚ್ಚಲು ಬಾವು ಬರುತ್ತದೆ. ಒಂದು ಮೊಲೆ ಹಾಳಾದರೂ ಹಾಲು ಇಳಿಯಿತು, ಔಷಧಿಯ ಖರ್ಚು ಏರಿತು. ಕರ್ನಾಟಕದಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ ಹಾಲು ನಿಂತ ಹಸುವನ್ನು ಮಾರುವುದು ಮೊದಲಿನಷ್ಟು ಸುಲಭವೂ ಅಲ್ಲ. ಆದ್ದರಿಂದ ಎರಡು ಸೂಲಿಗೇ ಕೈಕೊಡುವ ಹಸು ಹುಟ್ಟದಂತೆ, ಏಳೆಂಟು ವರ್ಷ ಬಾಳುವ ಹಸು ಹುಟ್ಟುವಂತೆ ಮೊದಲೇ ಯೋಚಿಸುವುದು ಜಾಣತನ. ಈ ಯೋಚನೆ ಆರಂಭವಾಗಬೇಕಾದದ್ದು ಹಸು ಬೆದೆಗೆ ಬಂದ ದಿನ.

ಕೆಲಸದಂತೆ ಮೈಕಟ್ಟು

ಮೈಕಟ್ಟು ವಂಶದಿಂದ ಬರುತ್ತದೆ ಎಂಬುದು ಮಂಡ್ಯದ ಜನರಿಗೆ ಹೊಸ ವಿಷಯವೇನಲ್ಲ. ಮಳವಳ್ಳಿ ತಾಲೂಕಿನ ಬಂಡೂರಿನ ಕುರಿಯನ್ನು ದೂರದಿಂದಲೇ ಗುರುತಿಸುವವರು ಇಲ್ಲಿದ್ದಾರೆ. ಗಿಡ್ಡ ಕಾಲು, ಅಗಲ ಬೆನ್ನು, ಇಟ್ಟಿಗೆಯಂತೆ ಗಟ್ಟಿ ಮೈ, ಹಿಂದಿನಿಂದ ನೋಡಿದರೆ ಕಮಾನಿನಂತೆ ಕಾಣುವ ತೊಡೆಗಳು ಅದರ ಗುರುತು. ತಲೆಮಾರುಗಳ ಕಾಲ ಅಂಥದನ್ನೇ ಆರಿಸಿ ಉಳಿಸಿಕೊಂಡಿದ್ದರಿಂದ ಆ ರೂಪ ನಿಂತಿತು.

ಹಳ್ಳಿಕಾರ್ ದನಗಳ ಕಥೆಯೂ ಇದೇ. ಉದ್ದ ಮುಖ, ಉಬ್ಬಿದ ಹಣೆ, ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೊಂಬು, ಬಿಗಿಯಾದ ಮೈ, ಗಟ್ಟಿ ಗೊರಸು. ಈ ದನಗಳ ವಂಶದಿಂದಲೇ ಮೈಸೂರು ಅರಸರು ತಮ್ಮ ಪ್ರಸಿದ್ಧ ದನದ ಹಿಂಡನ್ನು ಕಟ್ಟಿದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದಕ್ಕೆ 'ಬೆಣ್ಣೆ ಚಾವಡಿ' ಎಂದು ಹೆಸರಿತ್ತು. ಹೈದರ್ ಅಲಿ ಅದನ್ನು ಬೆಳೆಸಿದರು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟು ವ್ಯವಸ್ಥಿತ ಇಲಾಖೆಯನ್ನಾಗಿ ಮಾಡಿದರು. ಶ್ರೀರಂಗಪಟ್ಟಣದ ಸೇನೆಯ ಫಿರಂಗಿ, ಸಾಮಾನುಗಳನ್ನು ಎಳೆದದ್ದು ಈ ಎತ್ತುಗಳೇ. 1799ರ ನಂತರ ಆ ಹಿಂಡು ಬ್ರಿಟಿಷರ ಕೈ ಸೇರಿತು. ಅಮೃತ ಮಹಲ್ ತಳಿಯನ್ನು ಉಳಿಸುವ ಕೆಲಸ ಇಂದಿಗೂ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಕೇಂದ್ರದಲ್ಲಿ ನಡೆಯುತ್ತಿದೆ.

ಅವರು ಆರಿಸಿದ್ದು ವೇಗ ಮತ್ತು ದಣಿಯದ ಕಾಲುಗಳನ್ನು. ಆದ್ದರಿಂದ ವಂಶದಲ್ಲಿ ನಿಂತದ್ದೂ ಅವೇ. ಕೆಚ್ಚಲನ್ನು ಯಾರೂ ಆರಿಸಲಿಲ್ಲ, ಅದು ಚಿಕ್ಕದಾಗಿಯೇ ಉಳಿಯಿತು. ಹಳ್ಳಿಕಾರ್ ಹಸು ಒಂದು ಸೂಲಿಗೆ ಸರಾಸರಿ ಸುಮಾರು 540 ಕಿಲೋ ಹಾಲು ಕೊಡುತ್ತದೆ. ಅತ್ತ ಹಾಲೆಂಡಿನ ಕಡೆಯಿಂದ ಬಂದ ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ನಾವು ಎಚ್.ಎಫ್. ಎನ್ನುವ ತಳಿಯಲ್ಲಿ ಜನ ಆರಿಸಿದ್ದು ಕೆಚ್ಚಲನ್ನು. ಹೊಲ ಉಳುವ ಕಾಲು ಅವರಿಗೆ ಬೇಕಿರಲಿಲ್ಲ. ಹೀಗಾಗಿ ಎರಡನ್ನೂ ಬೆರೆಸಿದ ಸೀಮೆಹಸುವಿನಲ್ಲಿ ಎರಡು ಬೇರೆ ಬೇರೆ ಉದ್ದೇಶಕ್ಕೆ ಬೆಳೆದ ಮೈಕಟ್ಟುಗಳು ಬಂದು ಕೂಡಿವೆ. ಹಿಳಲು ಸಣ್ಣದಾಗುತ್ತದೆ, ಗಂಗೆದೊಗಲು ಕಡಿಮೆಯಾಗುತ್ತದೆ, ಕೆಚ್ಚಲು ದೊಡ್ಡದಾಗುತ್ತದೆ. ಯಾವ ಕರುವಿಗೆ ಯಾವುದು ಎಷ್ಟು ಬಂದೀತು ಎಂಬುದೇ ಪ್ರಶ್ನೆ.

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ ಆರಂಭದಲ್ಲಿ ಅಲ್ಲಾಹನು ಜಾನುವಾರುಗಳ ಪ್ರಸ್ತಾಪ ಮಾಡುತ್ತಾನೆ. ಅವುಗಳಿಂದ ಸಿಗುವ ಬೆಚ್ಚನೆಯ ಉಡುಪು, ಆಹಾರ, ಹೊರೆ ಹೊರುವ ಪ್ರಯೋಜನಗಳ ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತಾನೆ. ಸಂಜೆ ಮನೆಗೆ ಮರಳುವಾಗ, ಬೆಳಗ್ಗೆ ಮೇಯಲು ಹೊರಡುವಾಗ ಅವುಗಳಲ್ಲಿ ನಿಮಗೊಂದು ಸೌಂದರ್ಯವಿದೆ ಎಂಬುದು ಆ ಮಾತಿನ ಸಾರ. ಅದೇ ಅಧ್ಯಾಯದ 66ನೇ ಸೂಕ್ತ ಸಗಣಿ ಮತ್ತು ರಕ್ತದ ನಡುವಿನಿಂದ ಶುದ್ಧವಾದ ಹಾಲು ಹೊರಬರುವುದರಲ್ಲಿ ಪಾಠವಿದೆಯೆಂದು ನೆನಪಿಸುತ್ತದೆ. ಚೆಲುವು ಮತ್ತು ಹಾಲು, ಎರಡೂ ಅಲ್ಲಿವೆ. ಹೈನು ಹಸುವಿನ ಮಟ್ಟಿಗೆ ಚೆಲುವೆಂದರೆ ಬಣ್ಣವಲ್ಲ, ನೋವಿಲ್ಲದೆ ನಡೆದು, ಮೆದ್ದು, ಕರು ಹಾಕಿ, ಹಾಲು ಕೊಡಬಲ್ಲ ಮೈಕಟ್ಟು.

ಬಣ್ಣದ ಒಗಟು

ಹಸುವಿನ ಪ್ರತಿ ಜೀವಕೋಶದಲ್ಲಿ 60 ವರ್ಣತಂತುಗಳಿವೆ. ಕರುವಿಗೆ 30 ತಾಯಿಯಿಂದ, 30 ತಂದೆಯಿಂದ ಬರುತ್ತವೆ. ಗುಣಗಳನ್ನು ನಿರ್ಧರಿಸುವ ಜೀನುಗಳು ಇವುಗಳ ಮೇಲಿವೆ. ಆದರೆ ತಾಯಿ ತನ್ನಲ್ಲಿರುವ ಜೋಡಿಗಳಲ್ಲಿ ಯಾವ ಅರ್ಧವನ್ನು ಕೊಡುತ್ತಾಳೆ ಎಂಬುದು ಪ್ರತಿ ಸಲವೂ ಬೇರೆ. ಒಂದೇ ತಾಯಿ ತಂದೆಗೆ ಹುಟ್ಟಿದ ಅಕ್ಕ ತಂಗಿಯರು ಒಂದೇ ರೀತಿ ಇರದಿರುವುದು ಇದರಿಂದಲೇ.

ಕೆಲವು ಗುಣಗಳು ಒಂದೇ ಜೋಡಿ ಜೀನಿನ ಆಟ. ಎಚ್.ಎಫ್. ಹಸುವಿನ ಕಪ್ಪು ಬಣ್ಣ ಅಂಥದ್ದು. ಕಪ್ಪು ಪ್ರಬಲ, ಕೆಂಪು ದುರ್ಬಲ. ಕಪ್ಪು ಹಸುವಿನಲ್ಲಿ ಕೆಂಪಿನ ಜೀನು ಅಡಗಿರಬಹುದು, ಹೊರಗೆ ಕಾಣುವುದಿಲ್ಲ. ಹಾಗೆ ಅಡಗಿಸಿಕೊಂಡ ಕಪ್ಪು ಹಸು ಮತ್ತು ಕಪ್ಪು ಹೋರಿ ಕೂಡಿದರೆ ನಾಲ್ಕರಲ್ಲಿ ಒಂದು ಕರು ಕೆಂಪಾಗಿ ಹುಟ್ಟುವ ಸಾಧ್ಯತೆಯಿದೆ. ಇಂಥ ಲೆಕ್ಕವನ್ನು ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ 1866ರಲ್ಲಿ ಪ್ರಕಟಿಸಿದವರು ಗ್ರೆಗರ್ ಮೆಂಡಲ್.

ಪ್ರವಾದಿ ಮುಹಮ್ಮದ್(ಸ)ರ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಹ. ಅಬೂಹುರೈರಾ(ರ) ವರದಿ ಮಾಡಿರುವ ಇದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಹಳ್ಳಿಗಾಡಿನ ಅರಬನೊಬ್ಬ ಪ್ರವಾದಿಯವರ(ಸ) ಬಳಿ ಬಂದು, ತನ್ನ ಪತ್ನಿ ಕಪ್ಪು ಮಗುವನ್ನು ಹೆತ್ತಿರುವಳೆಂದು ಹೇಳಿದ. ಅವನ ಮಾತಿನಲ್ಲಿ ಸಂಶಯದ ಮುಳ್ಳಿತ್ತು. ಪ್ರವಾದಿಯವರು(ಸ) ಅವನ ಒಂಟೆಗಳ ಬಗ್ಗೆ ಕೇಳಿದರು. ಅವುಗಳ ಬಣ್ಣ ಕೆಂಪು ಎಂದ. ಅವುಗಳಲ್ಲಿ ಬೂದು ಬಣ್ಣದ್ದು ಇದೆಯೇ ಎಂದು ಕೇಳಿದರು. ಇದೆ ಎಂದ. ಅದೆಲ್ಲಿಂದ ಬಂತು ಎಂದಾಗ, ಬಹುಶಃ ಹಿಂದಿನ ಯಾವುದೋ ವಂಶವಾಹಿ ಎಳೆದು ತಂದಿರಬೇಕು ಎಂದು ಅವನೇ ಉತ್ತರಿಸಿದ. ಹಾಗಾದರೆ ನಿನ್ನ ಮಗುವಿನ ವಿಷಯವೂ ಹಾಗೆಯೇ ಇರಬಹುದಲ್ಲ ಎಂದು ಪ್ರವಾದಿಯವರು(ಸ) ಅವನಿಗೆ ತಿಳಿಹೇಳಿದರು.

ಜಾನುವಾರು ಸಾಕುವವನಿಗೆ ಜಾನುವಾರಿನ ಉದಾಹರಣೆಯಿಂದಲೇ ಉತ್ತರ ಸಿಕ್ಕಿತು, ಒಬ್ಬ ಹೆಣ್ಣುಮಗಳ ಮಾನ ಉಳಿಯಿತು. ಕಣ್ಣಿಗೆ ಕಾಣುವ ರೂಪವೊಂದೇ ವಂಶದ ಪೂರ್ತಿ ಕಥೆಯಲ್ಲ, ಕಾಣದ ಗುಣ ಅಜ್ಜಿಯಿಂದಲೋ ಮುತ್ತಜ್ಜನಿಂದಲೋ ಹಾರಿ ಬರಬಹುದು ಎಂಬ ತಿಳಿವಳಿಕೆ ಈ ಪ್ರಸಂಗದಲ್ಲಿದೆ.

ಎಷ್ಟು ಇಳಿದು ಬರುತ್ತದೆ?

ಮೈಕಟ್ಟು ಬಣ್ಣದಷ್ಟು ಸರಳವಲ್ಲ. ಎತ್ತರ, ಎದೆಯ ಅಗಲ, ಕೆಚ್ಚಲಿನ ಆಳ, ಕಾಲಿನ ಬಾಗು ಒಂದೊಂದಕ್ಕೂ ನೂರಾರು ಜೀನುಗಳು ಚೂರು ಚೂರು ಪಾಲು ಕೊಡುತ್ತವೆ. ಅದರ ಮೇಲೆ ಮೇವು, ನೆಲ, ರೋಗ, ಸಾಕಣೆಯ ಪ್ರಭಾವ ಸೇರುತ್ತದೆ. ಹಸುಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ವಂಶದ ಪಾಲೆಷ್ಟು ಎಂಬುದನ್ನು ತಜ್ಞರು ಅಳೆದಿದ್ದಾರೆ. ಎಚ್.ಎಫ್. ತಳಿಯಲ್ಲಿ ಎತ್ತರದ ವಿಷಯದಲ್ಲಿ ಅದು ಸುಮಾರು ಶೇ. 40. ಕೆಚ್ಚಲಿನ ಆಳ ಮತ್ತು ಸೊಂಟದ ಇಳಿಜಾರಿನಲ್ಲಿ ಶೇ. 30ರ ಆಸುಪಾಸು. ಕಾಲು, ಗೊರಸುಗಳಲ್ಲಿ ಶೇ. 10ರಿಂದ 20. ಗಬ್ಬ ನಿಲ್ಲುವ ಗುಣದಲ್ಲಿ ಶೇ. 5ಕ್ಕಿಂತಲೂ ಕಡಿಮೆ.

ಇದನ್ನು ಮನೆಯ ಲೆಕ್ಕದಲ್ಲಿ ನೋಡೋಣ. ಹಿಂಡಿನ ಸರಾಸರಿಗಿಂತ 10 ಸೆಂಟಿಮೀಟರ್ ಎತ್ತರದ ಹಸುವೊಂದಿದೆ ಎನ್ನಿ. ಆ ಹೆಚ್ಚುಗಾರಿಕೆಯಲ್ಲಿ ವಂಶದ್ದೆಂದು ನಿರೀಕ್ಷಿಸಬಹುದಾದದ್ದು 4 ಸೆಂಟಿಮೀಟರ್. ಅದರಲ್ಲಿ ಮಗಳಿಗೆ ಇಳಿಯುವುದು ಅರ್ಧ, ಅಂದರೆ 2 ಸೆಂಟಿಮೀಟರ್. ತಂದೆ ಸಾಧಾರಣದ್ದಾದರೆ ಮಗಳು ಸರಾಸರಿಗಿಂತ 2 ಸೆಂಟಿಮೀಟರ್ ಮಾತ್ರ ಎತ್ತರವಾದಾಳು ಎಂದು ನಿರೀಕ್ಷಿಸಬೇಕು. ತಾಯಿಯನ್ನು ನೋಡಿ 10 ಸೆಂಟಿಮೀಟರ್ ಆಸೆಪಟ್ಟವರಿಗೆ ನಿರಾಸೆ ಖಂಡಿತ.

ಹಾಗೆಂದು ತಾಯಿಯ ದೋಷಗಳೆಲ್ಲವೂ ಮಗಳಿಗೆ ಬರುವುದಿಲ್ಲ. ಕುರ್ಬಾನಿಯ ಪ್ರಾಣಿಯನ್ನು ಆರಿಸುವಾಗ ಕಣ್ಣು, ಕಿವಿ, ಕಾಲು, ಮೈ ನೋಡುವ ರೂಢಿ ನಮ್ಮ ಮನೆಗಳಲ್ಲಿದೆ. ಸ್ಪಷ್ಟವಾಗಿ ಕುರುಡಾದ, ಕುಂಟುವ, ರೋಗಿಷ್ಟ, ತೀರಾ ಬಡಕಲಾದ ಪ್ರಾಣಿ ಕುರ್ಬಾನಿಗೆ ಆಗುವುದಿಲ್ಲ. ಆದರೆ ಕಿವಿ ಹರಿದ ಮೇಕೆಯ ಮರಿ ಕಿವಿ ಹರಿದುಕೊಂಡು ಹುಟ್ಟುವುದಿಲ್ಲ. ಹಾಗೆಯೇ ಕೆಚ್ಚಲು ಬಾವಿನಿಂದ ಒಂದು ಮೊಲೆ ಸತ್ತ ಹಸುವಿನ ಮಗಳಿಗೆ ನಾಲ್ಕೂ ಮೊಲೆ ಸರಿಯಾಗಿಯೇ ಇರುತ್ತವೆ. ಒದ್ದೆ ಸಿಮೆಂಟು ನೆಲದಲ್ಲಿ ನಿಂತು ಗೊರಸು ಬೆಳೆದು ಕುಂಟುವ ಹಸು, ಕರುವಾಗಿದ್ದಾಗ ಹಾಲು ಸಿಗದೆ ಕುಗ್ಗಿದ ಹಸು, ಇವೆಲ್ಲ ಸಾಕಣೆಯ ತಪ್ಪುಗಳು. ಜೋತ ಕೆಚ್ಚಲು, ಹೊರಕ್ಕೆ ಚಾಚಿದ ಮೊಲೆಗಳು, ಹೆಚ್ಚುವರಿ ಮೊಲೆ, ಹುಟ್ಟಿನಿಂದಲೇ ಬಾಗಿದ ಕಾಲು ಮಾತ್ರ ವಂಶದ ಬಾಗಿಲಿನಿಂದ ಬರುವಂಥವು.

ಕೆಚ್ಚಲಿಲ್ಲದವನು ಕೊಡುವ ಕೆಚ್ಚಲು

ಇಲ್ಲೇ ಗಾದೆಯ ಉಳಿದರ್ಧ ಇರುವುದು. ಹೋರಿಗೆ ಕೆಚ್ಚಲಿಲ್ಲ, ಆದರೆ ಕೆಚ್ಚಲಿನ ಜೀನುಗಳಿವೆ. ಕರುವಿನ ಕೆಚ್ಚಲಿನ ಅರ್ಧ ಜೀನುಗಳು ಅವನವೇ. ತಾಯಿಯನ್ನಾದರೆ ಕಣ್ಣಾರೆ ನೋಡಬಹುದು. ಹೋರಿ ಎಲ್ಲೋ ಹೆಸರಘಟ್ಟದ ವೀರ್ಯ ಕೇಂದ್ರದಲ್ಲಿರುತ್ತದೆ, ನಮ್ಮ ಕೊಟ್ಟಿಗೆಗೆ ಬರುವುದು ದ್ರವ ಸಾರಜನಕದಲ್ಲಿಟ್ಟ ಒಂದು ಸಣ್ಣ ಕಡ್ಡಿ. ಅವನ ಕೆಚ್ಚಲಿನ ಗುಣ ತಿಳಿಯುವುದು ಹೇಗೆ?

ಅವನ ಹೆಣ್ಣುಮಕ್ಕಳನ್ನು ನೋಡಿ ತಿಳಿಯಬೇಕು. ಒಂದು ಹೋರಿಯ ವೀರ್ಯವನ್ನು ಹಲವು ಊರುಗಳ ಹಸುಗಳಿಗೆ ಕೊಟ್ಟು, ಹುಟ್ಟಿದ ಹೆಣ್ಣುಗರುಗಳು ಮೊದಲ ಸೂಲಿಗೆ ಬಂದಾಗ ಅವುಗಳ ಹಾಲನ್ನೂ ಮೈಕಟ್ಟನ್ನೂ ಅಳೆಯುತ್ತಾರೆ. ಇದು ಸಂತತಿ ಪರೀಕ್ಷೆ. ಮೈಕಟ್ಟಿನ ಒಂದೊಂದು ಅಂಶಕ್ಕೂ 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿ ಅಂತರರಾಷ್ಟ್ರೀಯವಾಗಿದೆ. 9 ಎಂದರೆ ಉತ್ತಮ, 1 ಎಂದರೆ ಕೆಟ್ಟದ್ದು ಎಂದಲ್ಲ. ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಅಳತೆ. ಹಿಂಗಾಲು ತೀರಾ ನೆಟ್ಟಗಿದ್ದರೆ 1, ತೀರಾ ಕುಡುಗೋಲಿನಂತೆ ಬಾಗಿದ್ದರೆ 9. ಬೇಕಾದದ್ದು ನಡುವಿನದು. ನಮ್ಮ ದೇಶದಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಸಂತತಿ ಪರೀಕ್ಷೆಯ ಜೊತೆಗೆ ಇಂಥ ಅಂಕ ನೀಡಿಕೆಯನ್ನೂ ತಂದಿದೆ. 2024ರ ಅಕ್ಟೋಬರ್‌ನಲ್ಲಿ 'ಗೌ ಚಿಪ್' ಎಂಬ ವಂಶವಾಹಿ ಪರೀಕ್ಷೆಯೂ ಬಿಡುಗಡೆಯಾಗಿದೆ. ಕರುವಾಗಿರುವಾಗಲೇ ಅದರ ಜೀನುಗಳನ್ನು ಓದಿ ಮುಂದೆ ಹೇಗಾದೀತೆಂದು ಅಂದಾಜು ಮಾಡುವ ದಾರಿ ಇದು.

ಒಂದು ಹಸು ತನ್ನ ಜೀವಿತದಲ್ಲಿ ಐದಾರು ಕರು ಹಾಕೀತು. ಒಂದು ಹೋರಿಯ ಮಕ್ಕಳು ಸಾವಿರಾರು. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ 'ಚೀಫ್' ಎಂಬ ಎಚ್.ಎಫ್. ಹೋರಿಗೆ ಸುಮಾರು 16,000 ಹೆಣ್ಣುಮಕ್ಕಳಿದ್ದವು. ಅವನ ಸಂತತಿ ಹೇರಳ ಹಾಲು ಕೊಟ್ಟಿತು. ಆದರೆ ಅವನ ಒಂದು ಜೀನಿನಲ್ಲಿ ಯಾರಿಗೂ ಕಾಣದ ದೋಷವಿತ್ತು. ತಾಯಿ ತಂದೆ ಇಬ್ಬರ ಕಡೆಯಿಂದಲೂ ಅದು ಬಂದು ಸೇರಿದರೆ ಭ್ರೂಣ ಹೊಟ್ಟೆಯಲ್ಲೇ ಸಾಯುತ್ತಿತ್ತು. ಅವನ ಮೊಮ್ಮಕ್ಕಳು ಮರಿಮಕ್ಕಳಲ್ಲಿ ಹೀಗೆ ಜಗತ್ತಿನಾದ್ಯಂತ ಸುಮಾರು 5 ಲಕ್ಷ ಗರ್ಭಗಳು ನಷ್ಟವಾಗಿರಬಹುದೆಂದು ವಿಜ್ಞಾನಿಗಳು 2016ರಲ್ಲಿ ಅಂದಾಜು ಮಾಡಿದರು. ಗಬ್ಬ ನಿಲ್ಲದಿದ್ದಾಗ ಎಷ್ಟು ಜನ ಹಸುವನ್ನೇ ದೂರಿರಬಹುದು!

ಕೊಳ್ಳುವ ಮುನ್ನ ಕಣ್ಣಿಟ್ಟು ನೋಡಿ

ಕಪ್ಪು ಬಿಳುಪಿನ ಮಚ್ಚೆ ಚೆನ್ನಾಗಿದೆಯೆಂದು ಹೆಚ್ಚು ಬೆಲೆ ಕೊಡಬೇಡಿ. ಬಣ್ಣದಲ್ಲಿ ಹಾಲಿಲ್ಲ. ನೋಡಬೇಕಾದದ್ದು ಇವು:

ಕೆಚ್ಚಲು: ಮುಂಭಾಗ ಹೊಟ್ಟೆಗೆ ಬಿಗಿಯಾಗಿ ಕೂಡಿರಬೇಕು, ಹಿಂಭಾಗ ಎತ್ತರದಲ್ಲಿ ಅಗಲವಾಗಿ ಹಿಡಿದಿರಬೇಕು. ಹಿಂದಿನಿಂದ ನೋಡಿದರೆ ನಡುವೆ ಒಂದು ಗೆರೆ ಸ್ಪಷ್ಟವಾಗಿ ಕಾಣಬೇಕು. ಕೆಚ್ಚಲನ್ನು ಎತ್ತಿ ಹಿಡಿಯುವ ನಡುವಿನ ಪಟ್ಟಿ ಗಟ್ಟಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಕೆಚ್ಚಲಿನ ತಳ ಹಿಂಗಾಲಿನ ಮೊಣಕಾಲ ಗಂಟಿಗಿಂತ ಮೇಲಿರಬೇಕು. ಹಾಲು ಕರೆದ ಮೇಲೆ ಅದು ಮೆತ್ತಗೆ ಸಡಿಲವಾಗಬೇಕು. ಕರೆದ ಮೇಲೂ ಗಟ್ಟಿಯಾಗಿಯೇ ಇದ್ದರೆ ಅದರಲ್ಲಿರುವುದು ಮಾಂಸ, ಇಲ್ಲವೇ ಬಾವು.

ಮೊಲೆಗಳು: ನಾಲ್ಕೂ ಒಂದೇ ಅಳತೆಯವಾಗಿ, ನೇರ ಕೆಳಕ್ಕಿರಬೇಕು. ಕೈಯಲ್ಲಿ ಕರೆಯುವವರಿಗೆ 5–6 ಸೆಂಟಿಮೀಟರ್ ಉದ್ದ ಅನುಕೂಲ. ತೀರಾ ಗಿಡ್ಡವಾದರೆ ಬೆರಳು ನೋಯುತ್ತದೆ, ತೀರಾ ಉದ್ದವಾದರೆ ಕಾಲಿಗೆ ಸಿಕ್ಕಿ ಗಾಯವಾಗುತ್ತದೆ.

ಸೊಂಟ: ಮುಂದಿನ ಸೊಂಟದ ಮೂಳೆಯಿಂದ ಬಾಲದ ಬದಿಯ ಮೂಳೆಗೆ ಸ್ವಲ್ಪ ಇಳಿಜಾರು ಇರಬೇಕು, ಅಗಲವೂ ಇರಬೇಕು. ಅಗಲವಿದ್ದರೆ ಕರು ಹಾಕುವುದು ಸುಲಭ. ಹಿಂಬದಿ ಮೇಲೇರಿದ್ದರೆ ಕರು ಹಾಕಿದ ಮೇಲೆ ಗರ್ಭಕೋಶದ ಕೊಳೆ ಸರಿಯಾಗಿ ಹರಿದು ಹೋಗುವುದಿಲ್ಲ.

ಕಾಲು ಮತ್ತು ಗೊರಸು: ಹಸುವನ್ನು ನಡೆಸಿ ನೋಡಿ. ಹಿಂದಿನಿಂದ ನೋಡಿದಾಗ ಎರಡು ಕಾಲುಗಳು ಸಮಾನಾಂತರವಾಗಿರಬೇಕು. ಮೊಣಕಾಲುಗಳು ಒಳಕ್ಕೆ ವಾಲಿದ್ದರೆ ಕೆಚ್ಚಲಿಗೆ ಜಾಗವಿರುವುದಿಲ್ಲ.

ಎದೆ ಮತ್ತು ಹೊಟ್ಟೆ: ಮುಂಗಾಲುಗಳ ನಡುವೆ ಅಗಲ, ಪಕ್ಕೆಲುಬುಗಳಲ್ಲಿ ಆಳ ಇರಬೇಕು. ಹುಲ್ಲು ತಿಂದು ಅರಗಿಸುವ ಜಾಗ ಅದು. ಆದರೆ ಎತ್ತರದ ಹಸುವೇ ಒಳ್ಳೆಯದೆಂದು ಭಾವಿಸಬೇಡಿ. ದೊಡ್ಡ ಮೈಗೆ ಮೇವೂ ಹೆಚ್ಚು ಬೇಕು. ಎತ್ತರಕ್ಕಿಂತ ಕೆಚ್ಚಲಿನ ಕಟ್ಟೇ ಹಸುವಿನ ಬಾಳಿಕೆಗೆ ಹತ್ತಿರದ ನಂಟು.

ಸಂತೆಗೆ ತರುವ ಹಸುವನ್ನು ಒಂದು ಹೊತ್ತು ಕರೆಯದೆ ಬಿಟ್ಟು, ಕೆಚ್ಚಲು ತುಂಬಿ ದೊಡ್ಡದಾಗಿ ಕಾಣುವಂತೆ ಮಾಡುವವರಿದ್ದಾರೆ. ಇದು ಹಳೆಯ ಮೋಸ. ಒಂಟೆ, ಕುರಿಗಳ ಹಾಲನ್ನು ಹೀಗೆ ಕಟ್ಟಿಟ್ಟು ಮಾರುವುದನ್ನು ಪ್ರವಾದಿಯವರು(ಸ) ನಿಷೇಧಿಸಿದ್ದಾರೆ. ಹಾಗೆ ಮೋಸ ಹೋದವನು ಹಾಲು ಕರೆದ ನಂತರ ಬೇಕಿದ್ದರೆ ಪ್ರಾಣಿಯನ್ನು ಇಟ್ಟುಕೊಳ್ಳಬಹುದು, ಬೇಡವೆಂದರೆ ಒಂದು ಸಾಅ್ ಖರ್ಜೂರದ ಸಹಿತ ಹಿಂದಿರುಗಿಸಬಹುದು ಎಂದೂ ಹದೀಸ್‌ನಲ್ಲಿದೆ. ಕೊಳ್ಳುವವರ ಹಕ್ಕನ್ನು ಕಾಪಾಡುತ್ತಲೇ, ಕುಡಿದ ಹಾಲಿಗೆ ಮಾರಿದವನಿಗೂ ನಷ್ಟವಾಗದಂತೆ ಮಾಡಿದ ನ್ಯಾಯ ಇದು. ಆದ್ದರಿಂದ ಕೊಳ್ಳುವ ಮುನ್ನ ಬೆಳಗ್ಗೆ, ಸಂಜೆ, ಮತ್ತೆ ಬೆಳಗ್ಗೆ ಎದುರಿನಲ್ಲೇ ಹಾಲು ಕರೆಸಿ ನೋಡಿ. ನಾವೇ ಮಾರುವಾಗಲೂ ಇದೇ ನಿಯಮ ನಮಗೆ ಅನ್ವಯಿಸುತ್ತದೆ ಎಂಬುದನ್ನು ಮರೆಯದಿರಿ.

ಬೆದೆಗೆ ಬಂದ ದಿನ ಕೇಳಬೇಕಾದ ಪ್ರಶ್ನೆ

ಹಸು ಬೆದೆಗೆ ಬಂದಾಗ ನಾವು ಫೋನು ಮಾಡಿ, ಕೊಡಿಸಿ, ಹಣ ಕೊಟ್ಟು ಕಳಿಸುತ್ತೇವೆ. ಯಾವ ಹೋರಿಯದೆಂದು ಕೇಳುವವರು ಕಡಿಮೆ. ವೀರ್ಯದ ಪ್ರತಿ ಕಡ್ಡಿಯ ಮೇಲೂ ಹೋರಿಯ ಸಂಖ್ಯೆ, ತಳಿ, ಕೇಂದ್ರದ ಗುರುತು ಅಚ್ಚಾಗಿರುತ್ತದೆ. ಅದನ್ನು ಓದಿಸಿ, ಒಂದು ನೋಟ್ ಪುಸ್ತಕದಲ್ಲಿ ತಾರೀಖಿನ ಸಹಿತ ಬರೆದಿಡಿ. ಹಸುವಿನ ಕಿವಿಯ ಓಲೆಯಲ್ಲಿರುವ 12 ಅಂಕಿಯ ಸಂಖ್ಯೆಯನ್ನೂ ಬರೆಯಿರಿ. ಓದು ಬರಹ ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಬಹುದು.

ಈ ಪುಸ್ತಕದಿಂದ ಮೂರು ಲಾಭಗಳಿವೆ. ಮೊದಲನೆಯದು, ಮಗಳು ಬೆದೆಗೆ ಬಂದಾಗ ಅದರ ತಂದೆಯ ವೀರ್ಯವನ್ನೇ ಮತ್ತೆ ಕೊಡಿಸುವ ತಪ್ಪು ಆಗುವುದಿಲ್ಲ. ಹತ್ತಿರದ ರಕ್ತ ಕೂಡಿದಾಗಲೇ ಅಡಗಿದ ದೋಷಗಳು ಹೊರಬರುವುದು. ಎರಡನೆಯದು, ನಮ್ಮ ಹಸುವಿನ ಕೊರತೆಯನ್ನು ತುಂಬುವ ಹೋರಿಯನ್ನು ಕೇಳಬಹುದು. ಹಸುವಿನ ಕೆಚ್ಚಲು ಜೋತಿದ್ದರೆ, "ಹೆಣ್ಣುಮಕ್ಕಳ ಕೆಚ್ಚಲು ಮೇಲಿರುವ ಹೋರಿಯದು ಕೊಡಿ" ಎನ್ನಿ. "ಇದರ ತಾಯಿ ಎಷ್ಟು ಲೀಟರ್?" ಎಂಬ ಒಂದೇ ಪ್ರಶ್ನೆ ಸಾಲದು. ಮೂರನೆಯದು, ಕರು ಹಾಕುವ ದಿನದ ಲೆಕ್ಕ ತಪ್ಪುವುದಿಲ್ಲ.

ನಾಟಿ ಹಸು ಅಥವಾ ಮೈಸಣ್ಣ ಪಡ್ಡೆಗೆ ಭಾರೀ ಮೈಯ ಎಚ್.ಎಫ್. ಹೋರಿಯ ವೀರ್ಯ ಕೊಡಿಸುವುದು ಅಪಾಯ. ಕರುವಿನ ಗಾತ್ರದಲ್ಲಿ ತಂದೆಯ ಪಾಲೂ ಇರುವುದರಿಂದ ಸೊಂಟ ದಾಟದೆ ತಾಯಿ ಕರು ಎರಡೂ ಸಾಯುವ ಸಂಭವವಿದೆ. ಅಂಥವಕ್ಕೆ ಜರ್ಸಿ ಅಥವಾ ನಮ್ಮ ದೇಶಿ ತಳಿಯೇ ಸುರಕ್ಷಿತ. ಬಾಯಿಲ್ಲದ ಈ ಪ್ರಾಣಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಿರೆಂದು ಪ್ರವಾದಿಯವರು(ಸ) ಎಚ್ಚರಿಸಿರುವುದು ಇಂಥ ಆಯ್ಕೆಗಳಿಗೂ ಅನ್ವಯಿಸುತ್ತದೆ. ಹೆಚ್ಚು ಹಾಲಿನ ಆಸೆಗೆ ವಿದೇಶಿ ರಕ್ತವನ್ನು ತಲೆಮಾರಿನಿಂದ ತಲೆಮಾರಿಗೆ ಏರಿಸುತ್ತಾ ಹೋದರೆ ಬಿಸಿಲು ತಡೆಯುವ ಶಕ್ತಿ ಕುಗ್ಗುತ್ತದೆ ಎಂಬುದೂ ನೆನಪಿರಲಿ.

ಹೆಣ್ಣುಗರು, ಹೆಣ್ಣುಮಗು

ಈಗ ಹೆಣ್ಣುಗರುವನ್ನೇ ಪಡೆಯಲು ಲಿಂಗ ನಿರ್ಧಾರಿತ ವೀರ್ಯವೂ ಸಿಗುತ್ತದೆ. ಹೆಣ್ಣನ್ನು ಉಂಟುಮಾಡುವ ವೀರ್ಯಾಣುವಿನಲ್ಲಿ ವಂಶವಾಹಿ ದ್ರವ್ಯ ಶೇ. 4ರಷ್ಟು ಹೆಚ್ಚಿರುತ್ತದೆ. ಅದನ್ನು ಯಂತ್ರದಿಂದ ಗುರುತಿಸಿ ಬೇರ್ಪಡಿಸುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಹೆಣ್ಣುಗರುವೇ ಹುಟ್ಟುತ್ತದೆ. ಬೇರ್ಪಡಿಸುವುದು ಹೋರಿಯ ವೀರ್ಯವನ್ನು, ಹಸುವಿನ ಅಂಡವನ್ನಲ್ಲ. ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ಬರುವ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ. ಮನುಷ್ಯರಲ್ಲೂ ಹಾಗೆಯೇ.

ಹಸುವಿನ ವಿಷಯದಲ್ಲಿ ಈ ಸತ್ಯವನ್ನು ಒಪ್ಪಿ ಹೆಚ್ಚು ಹಣ ಕೊಡುವ ಮನೆಗಳಲ್ಲೇ, ಮೂರನೆಯದೂ ಹೆಣ್ಣಾಯಿತೆಂದು ಸೊಸೆಯ ಮುಖ ನೋಡದ ಅತ್ತೆಯರಿದ್ದಾರೆ. 2023ರ ನವೆಂಬರ್‌ನಲ್ಲಿ ಪೊಲೀಸರು ಬಯಲಿಗೆಳೆದ ಭ್ರೂಣಲಿಂಗ ಪತ್ತೆ ಜಾಲದ ಒಂದು ಅಡ್ಡೆ ಮಂಡ್ಯದ ಆಲೆಮನೆಯಲ್ಲಿತ್ತು. ಬೆಲ್ಲ ಬೇಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣು ಭ್ರೂಣಗಳಿಗೆ ಸಾವಿನ ಚೀಟಿ ಬರೆಯಲಾಗುತ್ತಿತ್ತು. ಜಾನುವಾರುಗಳ ಸೌಂದರ್ಯವನ್ನೂ ಹಾಲಿನ ಪಾಠವನ್ನೂ ಹೇಳುವ ಅದೇ ಅನ್ನಹ್ಲ್ ಅಧ್ಯಾಯ, ಹೆಣ್ಣು ಹುಟ್ಟಿದ ಸುದ್ದಿ ಕೇಳಿ ಮುಖ ಕಪ್ಪಿಡುವವರನ್ನೂ, ಮಗುವನ್ನು ಅವಮಾನದೊಂದಿಗೆ ಇಟ್ಟುಕೊಳ್ಳಲೇ ಮಣ್ಣಿನಲ್ಲಿ ಹೂಳಲೇ ಎಂದು ತೊಳಲಾಡುವವರನ್ನೂ ಖಂಡಿಸುತ್ತದೆ. ಅವರ ತೀರ್ಮಾನ ಎಷ್ಟು ಕೆಟ್ಟದ್ದು ಎಂಬುದು 58, 59ನೇ ಸೂಕ್ತಗಳ ಆಶಯ.

ಸಹೋದರಿಯರೇ, ಕೊಟ್ಟಿಗೆಯ ಹಸು ನಮಗೆ ಅಲ್ಲಾಹನು ಕೊಟ್ಟ ಅಮಾನತ್. ಅದರ ಮೈಯನ್ನು ನೋಡುವ ಕಣ್ಣು, ಹೋರಿಯ ಹೆಸರು ಕೇಳುವ ಬಾಯಿ, ಬರೆದಿಡುವ ಒಂದು ಪುಸ್ತಕ, ಇಷ್ಟಿದ್ದರೆ ಮುಂದಿನ ಕರು ಇಂದಿನ ಹಸುವಿಗಿಂತ ಚೆನ್ನಾಗಿ ಬಾಳೀತು. ಕರು ಎಂಥದೇ ಹುಟ್ಟಲಿ, ಪೂರ್ತಿ ಹೊಣೆಯನ್ನು ಹೆತ್ತವಳ ಮೇಲೆ ಹೊರಿಸಬೇಡಿ. ಕೊಟ್ಟಿಗೆಯಲ್ಲೂ ಬೇಡ, ಮನೆಯೊಳಗಂತೂ ಬೇಡವೇ ಬೇಡ.